ಎತ್ತಿನ ಮೊಣಕಾಲು ಭಾರ ಹೊರುವ ಬಗೆ



ಎತ್ತು ಕೊಳ್ಳಲು ಸಂತೆಗೆ ಹೋದವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಕೊಂಬು ನೋಡುತ್ತಾರೆ, ಗೊರಸು ತಟ್ಟಿ ನೋಡುತ್ತಾರೆ. ಮೊಣಕಾಲು ನೋಡುವವರು ಕಡಿಮೆ. ನೋಡುವವರೂ ಹಲವು ಸಲ ಬೇರೊಂದು ಕೀಲನ್ನು ನೋಡಿ ಬರುತ್ತಾರೆ. ಎತ್ತು ಮಲಗುವಾಗ ಮೊದಲು ನೆಲಕ್ಕೆ ಊರುವ ಮುಂಗಾಲಿನ ಕೀಲನ್ನು ನಾವು ಮೊಣಕಾಲು ಎನ್ನುತ್ತೇವೆ. ಶರೀರಶಾಸ್ತ್ರದ ಪ್ರಕಾರ ಅದು ನಮ್ಮ ಕೈಯ ಮಣಿಕಟ್ಟಿಗೆ ಸಮನಾದುದು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿ ಕಾಣುವ ಗಂಟು ನಮ್ಮ ಹಿಮ್ಮಡಿಗೆ ಸಮ. ಹಾಗಾದರೆ ನಿಜವಾದ ಮೊಣಕಾಲು ಎಲ್ಲಿದೆ? ಹಿಂಗಾಲಿನ ಮೇಲ್ಭಾಗದಲ್ಲಿ, ಹೊಟ್ಟೆಯ ಪಕ್ಕದ ತೊಗಲಿನ ಮಡಿಕೆ ಬಂದು ಸೇರುವ ಕಡೆಯಲ್ಲಿದೆ. ಸಾಧುವಾದ ಎತ್ತಿನ ಪಕ್ಕದಲ್ಲಿ ನಿಂತು ಅಲ್ಲಿ ಅಂಗೈ ಇಟ್ಟು, ಎರಡು ಹೆಜ್ಜೆ ನಡೆಸಿದರೆ ಮೊಣಕಾಲಿನ ಚಿಪ್ಪು ಮೇಲಕ್ಕೂ ಕೆಳಕ್ಕೂ ಜಾರುವುದು ಕೈಗೆ ತಿಳಿಯುತ್ತದೆ. ಒದೆಯುವ ಎತ್ತಿನಲ್ಲಿ ಈ ಪರೀಕ್ಷೆ ಬೇಡ.

ನಿಂತಿರುವಾಗ ದನದ ಮೈಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮುಂಗಾಲುಗಳ ಮೇಲೆ ಬೀಳುತ್ತದೆ. ಆದರೆ ನೇಗಿಲನ್ನೋ ಬಂಡಿಯನ್ನೋ ಎಳೆಯುವ ಬಲ ಬರುವುದು ಹಿಂಗಾಲುಗಳಿಂದ. ಎತ್ತು ನೊಗಕ್ಕೆ ಹೆಗಲು ಕೊಟ್ಟು ಮುಂದಕ್ಕೆ ಒತ್ತಿದಾಗ ಹಿಂಗಾಲಿನ ಮೊಣಕಾಲು ಮಡಚಿ ಬಿಚ್ಚುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆಯ ಎರಿ ಹೊಲದಲ್ಲಿ ಹರಗುವ ಎತ್ತು, ಗಂಗಾವತಿ ಕಡೆಯ ಗದ್ದೆಯ ಕೆಸರಿನಲ್ಲಿ ಕಾಲು ಕಿತ್ತಿಡುವ ಎತ್ತು, ಕೊಪ್ಪಳದ ಕಲ್ಲುನೆಲದ ದಾರಿಯಲ್ಲಿ ಬಂಡಿ ಎಳೆಯುವ ಎತ್ತು, ಇವೆಲ್ಲವೂ ದಿನಕ್ಕೆ ಸಾವಿರಾರು ಸಲ ಹೀಗೆ ಮಾಡುತ್ತವೆ. ಟ್ರ್ಯಾಕ್ಟರು ಬಂದು ಎತ್ತುಗಳ ಸಂಖ್ಯೆ ಇಳಿದಿದೆ, ನಿಜ. ಉಳಿದಿರುವ ಎತ್ತಿನ ಬೆಲೆ ಮಾತ್ರ ಇಳಿದಿಲ್ಲ. ಒಂದು ಜೋಡಿಯ ಒಂದು ಎತ್ತು ಕುಂಟಿದರೆ ಎರಡೂ ನಿಂತಂತೆಯೇ.

ಮೊಣಕಾಲಿನ ಒಳಗೆ

ತೊಡೆಯೆಲುಬಿನ ತುದಿ ಮತ್ತು ಅದರ ಕೆಳಗಿನ ಕಾಲೆಲುಬಿನ ತಲೆ ಎದುರುಬದುರಾಗುವಲ್ಲಿ ಎಲುಬು ಎಲುಬನ್ನು ಮುಟ್ಟುವುದಿಲ್ಲ. ಎರಡರ ಮೇಲೂ ಬೆಳ್ಳಗೆ, ನುಣ್ಣಗೆ ಹೊಳೆಯುವ ಒಂದು ಹೊದಿಕೆ ಉಂಟು. ಇದನ್ನು ಪಾಠಪುಸ್ತಕಗಳಲ್ಲಿ ಮೃದ್ವಸ್ಥಿ ಎನ್ನುತ್ತಾರೆ. ನಾವು ಮೆತ್ತೆಲುಬು ಎಂದು ಕರೆಯೋಣ. ದೊಡ್ಡ ಎತ್ತಿನಲ್ಲಿಯೂ ಇದರ ದಪ್ಪ ಸುಮಾರು 1ರಿಂದ 2 ಮಿಲಿಮೀಟರು ಮಾತ್ರ. ಎರಡರ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಸುತ್ತಲೂ ಒಂದು ಚೀಲ. ಚೀಲದೊಳಗೆ ತತ್ತಿಯ ಬಿಳಿ ಲೋಳೆಯಂತಹ ಸ್ವಲ್ಪ ಕೀಲುರಸ.

ಮಾಂಸದಂಗಡಿಯಿಂದ ಕುರಿಯ ಒಂದು ಹಿಂಗಾಲಿನ ಮೊಣಕಾಲನ್ನು ತಂದು ಬಿಚ್ಚಿ ನೋಡಿದರೆ ಇದೆಲ್ಲವೂ ಕಣ್ಣಿಗೆ ಕಾಣುತ್ತದೆ. ಶಾಲೆಯ ಮಕ್ಕಳಿಗೆ ತೋರಿಸಲು ಇದಕ್ಕಿಂತ ಅಗ್ಗದ ಪಾಠೋಪಕರಣವಿಲ್ಲ. ಹೆಬ್ಬೆರಳ ಉಗುರಿನಿಂದ ಮೆತ್ತೆಲುಬನ್ನು ಮೆಲ್ಲಗೆ ಒತ್ತಿ ಹಿಡಿಯಿರಿ: ಸಣ್ಣ ಗುಳಿ ಬೀಳುತ್ತದೆ, ಬಿಟ್ಟರೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಒಂದು ತುಣುಕನ್ನು ಚಾಕುವಿನಿಂದ ಕೆತ್ತಿ ಬಿಸಿಲಿನಲ್ಲಿ ಇಟ್ಟರೆ ಸುರುಟಿಕೊಂಡು, ಹಳದಿಯಾಗಿ, ಗಟ್ಟಿಯಾಗುತ್ತದೆ. ಅದನ್ನೇ ನೀರಿಗೆ ಹಾಕಿದರೆ ಮತ್ತೆ ಉಬ್ಬಿ ಬೆಳ್ಳಗಾಗುತ್ತದೆ. ಏಕೆ? ಮೆತ್ತೆಲುಬಿನ ತೂಕದಲ್ಲಿ 100ಕ್ಕೆ 65ರಿಂದ 80 ಪಾಲು ಬರೇ ನೀರು. ಉಳಿದುದು ಎರಡು ಬಗೆಯ ಪದಾರ್ಥ. ಒಂದು ಕೊಲ್ಲಾಜೆನ್ ಎಂಬ ಎಳೆ. ಇದು ಗೋಣಿಯ ನಾರಿನ ಹಾಗೆ ಹೆಣೆದುಕೊಂಡು ಎಲ್ಲವನ್ನೂ ಬಿಗಿಹಿಡಿಯುತ್ತದೆ. ಇನ್ನೊಂದು ಈ ಹೆಣಿಗೆಯ ಸಂದಿನಲ್ಲಿ ಸಿಕ್ಕಿಕೊಂಡು, ನೀರನ್ನು ಹೀರಿ ಉಬ್ಬಿ ನಿಲ್ಲುವ ಅಂಟುಪದಾರ್ಥ.

ಇಲ್ಲೊಂದು ಮಾತು. ಈ ಕೊಲ್ಲಾಜೆನ್ನೇ ಬೆಂದು ಕರಗಿ ಕಾಲುಸೂಪನ್ನು ಅಂಟಂಟಾಗಿಸುವುದು. ಸೂಪು ರುಚಿಯಾದ ಆಹಾರ, ಸಂದೇಹವಿಲ್ಲ. ಆದರೆ ಕುಡಿದ ಸೂಪು ಹೊಟ್ಟೆಯಲ್ಲಿ ಬೇರೆ ಯಾವ ಮಾಂಸದಂತೆಯೇ ಜೀರ್ಣವಾಗುತ್ತದೆ. ಅದು ನೇರವಾಗಿ ಹೋಗಿ ಮೊಣಕಾಲಿನಲ್ಲಿ ಕೂರುವುದಿಲ್ಲ.

ಎರಿ ಮಣ್ಣಿನ ಲೆಕ್ಕ

ಮೆತ್ತೆಲುಬು ಭಾರ ಹೊರುವ ಗುಟ್ಟನ್ನು ತಿಳಿಯಲು ನಮ್ಮ ಸೀಮೆಯ ರೈತರಿಗೆ ದೂರ ಹೋಗಬೇಕಾಗಿಲ್ಲ. ಎರಿ ಮಣ್ಣು ಮತ್ತು ಮಸಾರಿ ಮಣ್ಣಿನ ಭೇದ ಎಲ್ಲರಿಗೂ ಗೊತ್ತು. ಮಸಾರಿಯ ಮೇಲೆ ಬಿದ್ದ ನೀರು ಬೇಗ ಬಸಿದು ಹೋಗುತ್ತದೆ. ಎರಿ ನೀರನ್ನು ಕುಡಿದು ಉಬ್ಬುತ್ತದೆ, ಹಿಡಿದಿಟ್ಟುಕೊಳ್ಳುತ್ತದೆ, ಬಿಡುವಾಗ ಬಹು ಜಿಪುಣತನದಿಂದ ಬಿಡುತ್ತದೆ. ನೀರು ತುಂಬಿದ ಇಂತಹ ಜೇಡಿನ ಮೇಲೆ ಕಟ್ಟಡ ಕಟ್ಟಿದರೆ ಅದು ಒಂದೇ ದಿನದಲ್ಲಿ ಕುಸಿಯುವುದಿಲ್ಲ. ಮೊದಲು ಭಾರವನ್ನೆಲ್ಲ ಮಣ್ಣಿನ ಸಂದಿನ ನೀರೇ ಹೊರುತ್ತದೆ. ನೀರು ಇಷ್ಟಿಷ್ಟೇ ಹಿಂಡಿ ಹೊರಗೆ ಹೋದಂತೆ ಭಾರ ಮಣ್ಣಿನ ಕಣಗಳಿಗೆ ವರ್ಗವಾಗಿ, ಕಟ್ಟಡ ವರ್ಷಗಟ್ಟಲೆ ಇಳಿಯುತ್ತ ಹೋಗುತ್ತದೆ. ಇದರ ಗಣಿತವನ್ನು ಕಾರ್ಲ್ ಟರ್ಜಾಗಿ ಎಂಬ ಎಂಜಿನಿಯರು 1925ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಮೆತ್ತೆಲುಬೂ ಹೀಗೆಯೇ. ಅದರ ಸಂದುಗಳು ಎಷ್ಟು ಕಿರಿದೆಂದರೆ ನೀರು ಸುಲಭವಾಗಿ ಹೊರಬರಲಾರದು. ಹೆಜ್ಜೆ ಊರಿದ ಕ್ಷಣದಲ್ಲಿ ಒಳಗಿನ ನೀರಿನ ಒತ್ತಡ ಏರಿ, ಭಾರದ ಬಹುಪಾಲನ್ನು ನೀರೇ ಹೊರುತ್ತದೆ. ಕಾಲು ಎತ್ತಿದೊಡನೆ, ಹಿಂಡಿ ಹೋದ ಅಲ್ಪಸ್ವಲ್ಪ ನೀರನ್ನು ಅದು ಮತ್ತೆ ಹೀರಿಕೊಳ್ಳುತ್ತದೆ. 1959ರಲ್ಲಿ ಮ್ಯಾಕಚನ್ ಎಂಬ ವಿಜ್ಞಾನಿ, ಪ್ರಾಣಿಗಳ ಕೀಲು ನುಣ್ಣಗೆ ಜಾರುವುದಕ್ಕೆ ಹೀಗೆ ಜಿನುಗುವ ನೀರೇ ಕಾರಣವೆಂದು ಹೇಳಿದರು. 1980ರಲ್ಲಿ ಅಮೇರಿಕೆಯ ವ್ಯಾನ್ ಮೋ ಮತ್ತು ಸಂಗಡಿಗರು ಮಣ್ಣಿನ ಲೆಕ್ಕಕ್ಕೆ ನೆಂಟನಾದ ಲೆಕ್ಕವನ್ನೇ ಮೆತ್ತೆಲುಬಿಗೆ ಅನ್ವಯಿಸಿ ತೋರಿಸಿದರು. 1998ರಲ್ಲಿ ದನದ ಮೆತ್ತೆಲುಬನ್ನು ಒತ್ತಿ ಅಳೆದಾಗ, ಮೊದಲ ಗಳಿಗೆಯಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಭಾರವನ್ನು ನೀರೇ ಹೊರುವುದೆಂದು ಕಂಡುಬಂತು.

ಕೆಲವು ಅಂಕಿಗಳನ್ನು ನೋಡೋಣ. ನೀರೆಲ್ಲ ಹಿಂಡಿಹೋಗುವಷ್ಟು ನಿಧಾನವಾಗಿ ಒತ್ತಿದರೆ ಮೆತ್ತೆಲುಬು ಬಹಳ ಮೆದು. ಅದರ ಗಡಸುತನವನ್ನು ಚದರ ಸೆಂಟಿಮೀಟರಿಗೆ 5ರಿಂದ 10 ಕಿಲೋ ಎಂದು ಎಣಿಸುತ್ತಾರೆ. ಇದು ಮೆದು ರಬ್ಬರಿನ ಮಟ್ಟದ್ದು. ಬೇಗ ಒತ್ತಿದರೆ ನೀರಿಗೆ ಹೊರಡಲು ಹೊತ್ತು ಸಾಲದೆ ಅದೇ ಪದಾರ್ಥ ಹಲವು ಪಟ್ಟು ಗಡಸಾಗುತ್ತದೆ. ಜಾರುವಿಕೆಯಂತೂ ಅದ್ಭುತ. ಎಣ್ಣೆ ಹಚ್ಚಿದ ಕಬ್ಬಿಣದ ಮೇಲೆ 100 ಕಿಲೋ ತೂಕದ ಕಬ್ಬಿಣವನ್ನು ಎಳೆಯಲು ಸುಮಾರು 10 ಕಿಲೋ ಬಲ ಬೇಕು. ಆರೋಗ್ಯವಾದ ಕೀಲಿನಲ್ಲಿ ಅಷ್ಟೇ ಭಾರಕ್ಕೆ 1 ಕಿಲೋ, ಅನೇಕ ವೇಳೆ ಅದಕ್ಕೂ ಕಡಿಮೆ ಬಲ ಸಾಕು. ಬಂಡಿಯ ಅಚ್ಚಿಗೆ ಎಷ್ಟು ಕೀಲೆಣ್ಣೆ ಬಿಟ್ಟರೂ ಈ ನುಣುಪು ಬಾರದು. ಕೀಲೆಣ್ಣೆಯನ್ನು ಹೊರಗಿನಿಂದ ಹಾಕಬೇಕು. ಇಲ್ಲಿ ನಡೆದಷ್ಟೂ ಒಳಗಿನಿಂದಲೇ ಜಿನುಗುತ್ತದೆ.

ಹಾಗಾದರೆ ಕೆಡುವುದು ಹೇಗೆ?

ಮೆತ್ತೆಲುಬಿನಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ನರವಿಲ್ಲದ್ದರಿಂದ ಸವೆತ ಆರಂಭವಾದಾಗ ಎತ್ತಿಗೆ ನೋವು ತಿಳಿಯುವುದಿಲ್ಲ. ನೋವು ತಿಳಿಯುವುದು ಕೆಳಗಿನ ಎಲುಬಿಗೋ ಸುತ್ತಲಿನ ಚೀಲಕ್ಕೋ ಪೆಟ್ಟು ತಲುಪಿದ ಮೇಲೆ. ರಕ್ತವಿಲ್ಲದ್ದರಿಂದ ಚರ್ಮದ ಗಾಯ ಮಾಯುವಂತೆ ಇದು ಮಾಯುವುದಿಲ್ಲ. 1743ರಲ್ಲಿಯೇ ವಿಲಿಯಂ ಹಂಟರ್ ಎಂಬ ವೈದ್ಯರು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ, ಒಮ್ಮೆ ನಾಶವಾದ ಮೆತ್ತೆಲುಬು ಮತ್ತೆ ಬರುವುದಿಲ್ಲವೆಂದು ತಿಳಿಸಿದ್ದರು. ಅಂದಿನಿಂದ ವೈದ್ಯಶಾಸ್ತ್ರ ಎಷ್ಟೋ ಮುಂದುವರಿದಿದ್ದರೂ ಮೊದಲಿನಂತಹ ಮೆತ್ತೆಲುಬನ್ನು ಮರಳಿ ಬೆಳೆಸುವ ಔಷಧ ಇನ್ನೂ ಸಿಕ್ಕಿಲ್ಲ.

ಅದನ್ನು ಕೆಡಿಸುವುದರಲ್ಲಿ ಮೊದಲನೆಯದು ಏಟು. ನಿಧಾನವಾಗಿ ಬಂದ ದೊಡ್ಡ ಭಾರಕ್ಕಿಂತ ಥಟ್ಟನೆ ಬಂದ ಸಣ್ಣ ಏಟು ಕೆಟ್ಟದ್ದು. ಏಟು ಬಿದ್ದಾಗ ಮೆತ್ತೆಲುಬು ಮಣಿಯಲು ಹೊತ್ತಿರುವುದಿಲ್ಲ; ಎಳೆಗಳ ಹೆಣಿಗೆ ಸೀಳುತ್ತದೆ, ಕೆಳಗಿನ ಎಲುಬಿಗೂ ಅದೇ ಏಟು ತಾಗುತ್ತದೆ. ಕುರಿಗಾರರು ಗಮನಿಸಬೇಕಾದ ಒಂದು ಪ್ರಯೋಗವಿದೆ. ಎರಿಕ್ ರಾಡಿನ್ ಮತ್ತು ಅವರ ಸಂಗಡಿಗರು ಎರಡೂವರೆ ವರ್ಷ ಕಾಲ ಕೆಲವು ಕುರಿಗಳನ್ನು ದಿನವೂ ಕಾಂಕ್ರೀಟ್ ನೆಲದ ಮೇಲೆ ನಡೆಸಿ, ಗಟ್ಟಿ ನೆಲದ ಮೇಲೆಯೇ ಇರಿಸಿದರು. ಮತ್ತೆ ಕೆಲವನ್ನು ಮರದ ಚಕ್ಕೆ ಹರಡಿದ ಮೆತ್ತಗಿನ ದಾರಿಯಲ್ಲಿ ನಡೆಸಿ ಹುಲ್ಲುಗಾವಲಿನಲ್ಲಿ ಬಿಟ್ಟರು. 1982ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾಂಕ್ರೀಟಿನ ಮೇಲೆ ನಡೆದ ಕುರಿಗಳ ಮೊಣಕಾಲಿನ ಮೆತ್ತೆಲುಬಿನಲ್ಲಿಯೂ ಅದರ ಕೆಳಗಿನ ಎಲುಬಿನಲ್ಲಿಯೂ ಬದಲಾವಣೆಗಳಾಗಿದ್ದವು. ನಡಿಗೆಯ ಭಾರವೂ ಅಲ್ಪವಲ್ಲ. ಕುರಿಯ ಮೊಣಕಾಲಿನೊಳಗೆ ಹೆಜ್ಜೆಹೆಜ್ಜೆಗೂ ಅದರ ಮೈತೂಕದ ಸುಮಾರು ಎರಡು ಪಟ್ಟು ಬಲ ಬೀಳುವುದೆಂದು 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತಿಳಿಸಿತು. ಸ್ನಾಯುಗಳು ಬಿಗಿಹಿಡಿದು ಎಳೆಯುವುದೇ ಇದಕ್ಕೆ ಕಾರಣ. 35 ಕಿಲೋ ಕುರಿಯೆಂದರೆ 70 ಕಿಲೋ ಭಾರ, ಅದೂ ಒಂದು ಹಳೆಯ ರೂಪಾಯಿಯಷ್ಟು ಸಣ್ಣ ಜಾಗದಲ್ಲಿ.

ಆದುದರಿಂದ ಕೂಳೆ ಮೇಯಿಸಲು ಕೆಂಗುರಿ ಅಥವಾ ದಖ್ಖನಿ ಕುರಿಗಳ ಹಿಂಡನ್ನು ದೂರದೂರಕ್ಕೆ ಹೊಡೆದುಕೊಂಡು ಹೋಗುವವರು ಡಾಂಬರು ರಸ್ತೆ ಬಿಟ್ಟು ಪಕ್ಕದ ಮಣ್ಣುದಾರಿ ಹಿಡಿಯುವುದು ಲೇಸು. ಹಿರಿಯ ಕುರಿಗಾರರು ಮೊದಲಿಂದಲೂ ಹೀಗೆಯೇ ಮಾಡುತ್ತಾರೆ. ವಾಹನದ ಭಯಕ್ಕಾಗಿ ಮಾಡಿದರೂ ಕೀಲಿಗೂ ಒಳ್ಳೆಯದೇ ಆಯಿತು. ಹಟ್ಟಿಯಲ್ಲಿ ಸಿಮೆಂಟು ಹಾಕಿಸಿದವರು, ಬಂಡೆ ಹಾಸಿದ ನೆಲದ ಮೇಲೆ ದನ ಕಟ್ಟುವವರು ಗೋದಲಿಯ ಹಿಂದೆ ಜೋಳದ ಕಣಿಕೆಯ ಉಳಿಕೆಯನ್ನೋ ನೆಲ್ಲು ಹುಲ್ಲನ್ನೋ ಹರಡಬೇಕು. ಮೆತ್ತಗಿನ ಹಾಸಿನ ಮೇಲೆ ದನ ಹೆಚ್ಚು ಹೊತ್ತು ಮಲಗುತ್ತದೆ. ಮಲಗಿದಾಗ ಕೀಲಿನ ಭಾರ ಇಳಿದು ಮೆತ್ತೆಲುಬು ನೀರು ಹೀರಿಕೊಳ್ಳುತ್ತದೆ.

ಇನ್ನೊಂದು ಬಗೆಯ ಕೇಡು ಇದಕ್ಕೆ ವಿರುದ್ಧವಾದದ್ದು, ಅಂದರೆ ಚಲನೆಯೇ ಇಲ್ಲದಿರುವುದು. ರಕ್ತವಿಲ್ಲದ ಮೆತ್ತೆಲುಬಿಗೆ ಆಹಾರ ಸಿಗುವುದು ಕೀಲುರಸದಿಂದ. ಆ ರಸ ಒಳಹೊಕ್ಕು ಹೊರಬರಲು ಕಾಲು ಆಡುತ್ತಿರಬೇಕು. ನಾಯಿಗಳ ಕಾಲನ್ನು ಕೆಲವು ವಾರ ಆಡದಂತೆ ಕಟ್ಟಿ ನೋಡಿದ ಪ್ರಯೋಗಗಳಲ್ಲಿ ಮೆತ್ತೆಲುಬು ತೆಳ್ಳಗಾಗಿ, ನೀರು ಹಿಡಿಯುವ ಅಂಟು ಕಡಿಮೆಯಾಗಿ ಮೆದುವಾಯಿತು. ಬೇಸಿಗೆಯೆಲ್ಲ ಕಟ್ಟಿಹಾಕಿದ ಎತ್ತನ್ನು ಕಾರಹುಣ್ಣಿಮೆಯ ಸಂಜೆ ಕರಿ ಹರಿಯಲು ಒಮ್ಮೆಲೇ ಓಡಿಸುವ ರೂಢಿ ಇದೆ. ಹಬ್ಬವನ್ನು ಬಿಡಿರೆಂದು ಹೇಳುವುದಿಲ್ಲ. ಹದಿನೈದು ದಿನ ಮೊದಲಿನಿಂದ ಬೆಳಿಗ್ಗೆ ಅರ್ಧ ತಾಸು ಹೊಲದ ದಾರಿಯಲ್ಲಿ ನಡೆಸಿ, ಆಮೇಲೆ ಬರಿಯ ಬಂಡಿಗೆ ಹೂಡಿ, ಬಳಿಕ ಓಡಿಸಿದರೆ ಕೀಲು ಸಿದ್ಧವಾಗಿರುತ್ತದೆ. ಓಡಿಸುವುದೂ ಮಣ್ಣಿನ ಮೇಲಿರಲಿ. ಕಾಂಕ್ರೀಟು ಹಾಕಿದ ಓಣಿಯಲ್ಲಿ ಎತ್ತು ಓಡಿಸುವುದು ನಮ್ಮ ಹಿರಿಯರು ಕಂಡ ಹಬ್ಬವಲ್ಲ.

ಬಂಡಿಯ ಭಾರದ ವಿಷಯವನ್ನು ಸರ್ಕಾರವೂ ಎಣಿಸಿದೆ. ಪ್ರಾಣಿಹಿಂಸೆ ತಡೆ ಕಾಯಿದೆ 1960ರಲ್ಲಿ ಬಂತು. ಅದರ ಕೆಳಗೆ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ನಿಯಮಗಳಾದವು. 350 ಕಿಲೋ ಮೀರಿದ ದೊಡ್ಡ ಎತ್ತುಗಳು ಎಳೆಯುವ ಎರಡು ಗಾಲಿಯ ಬಂಡಿಯಲ್ಲಿ, ಗಾಳಿ ತುಂಬಿದ ರಬ್ಬರು ಗಾಲಿಯಿದ್ದರೆ 1350 ಕಿಲೋ, ಇಲ್ಲದಿದ್ದರೆ 900 ಕಿಲೋ ಗರಿಷ್ಠ ಭಾರ. 200 ಕಿಲೋಗೆ ಮೀರದ ಸಣ್ಣ ಎತ್ತುಗಳಿಗೆ ಇದೇ ಕ್ರಮದಲ್ಲಿ 750 ಮತ್ತು 500 ಕಿಲೋ. ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು, ಬಿಡುವಿಲ್ಲದೆ 5 ತಾಸಿಗಿಂತ ಹೆಚ್ಚು ಹೂಡತಕ್ಕದ್ದಲ್ಲ. ಎತ್ತು ಅದೇ ಆದರೂ ಗಾಲಿ ಬದಲಾದರೆ ಭಾರ ಏಕೆ ಬದಲಾಗಬೇಕು? ರಬ್ಬರು ಗಾಲಿ ಹಗುರಾಗಿ ಉರುಳುತ್ತದೆ, ಕಲ್ಲಿನ ಏಟನ್ನೂ ತಾನೇ ನುಂಗುತ್ತದೆ. ಕಬ್ಬಿಣದ ಪಟ್ಟಿಯ ಗಾಲಿ ಕಲ್ಲಿಗೆ ಹೊಡೆದಾಗಲೆಲ್ಲ ಆ ಜಗ್ಗು ನೊಗದ ಮೂಲಕ ಎತ್ತಿಗೆ ಬರುತ್ತದೆ. ಎತ್ತು ಅದನ್ನು ಹಿಂಗಾಲು ಊರಿ ತಡೆಯಬೇಕಾಗುತ್ತದೆ.

ಹಿಂಗಾಲು ಸಿಕ್ಕಿಕೊಳ್ಳುವ ರೋಗ

ನಮ್ಮ ಎತ್ತು, ಎಮ್ಮೆ, ಆಕಳುಗಳ ಮೊಣಕಾಲಿಗೆ ಬರುವ ಸಾಮಾನ್ಯ ತೊಂದರೆ ಒಂದಿದೆ. ನಡೆಯುತ್ತಿರುವಾಗ ಹಿಂಗಾಲು ಹಿಂದಕ್ಕೆ ಚಾಚಿ ಹಾಗೆಯೇ ಬಿಗಿದು ನಿಲ್ಲುತ್ತದೆ. ಗೊರಸಿನ ತುದಿ ನೆಲಕ್ಕೆ ಉಜ್ಜುತ್ತದೆ. ಆಮೇಲೆ ಥಟ್ಟನೆ ಬಿಟ್ಟುಕೊಂಡು ಕಾಲು ಮುಂದಕ್ಕೆ ಹಾರುತ್ತದೆ. ಬೆಳಿಗ್ಗೆ ಎದ್ದಾಗ ಹೆಚ್ಚು. ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಸಿದರೆ ಅನೇಕ ವೇಳೆ ಬಿಡುತ್ತದೆ. ಕೆಲವರು ಇದನ್ನು ವಾಯು ಎನ್ನುತ್ತಾರೆ, ಕೆಲವರು ದೃಷ್ಟಿ ತಗಲಿತು ಎನ್ನುತ್ತಾರೆ. ನಿಜವಾದ ಕಾರಣ ಯಂತ್ರದ್ದು. ಮೊಣಕಾಲಿನ ಚಿಪ್ಪು ತೊಡೆಯೆಲುಬಿನ ತುದಿಯ ಕಾಲುವೆಯಲ್ಲಿ ಜಾರಬೇಕು. ಕಾಲುವೆಯ ಒಳಬದಿಯ ದಂಡೆ ಎತ್ತರ. ಚಿಪ್ಪು ಆ ದಂಡೆಯ ಮೇಲಕ್ಕೆ ಹೋಗಿ ಕೂತರೆ ಬಾಗಿಲಿಗೆ ಅಗುಳಿ ಬಿದ್ದಂತೆ ಕಾಲು ಮಡಚದು.

ಇದಕ್ಕೆ ಸಣ್ಣ ಶಸ್ತ್ರಕ್ರಿಯೆಯೊಂದು ಉಂಟು. ಚಿಪ್ಪನ್ನು ಕಾಲೆಲುಬಿಗೆ ಕಟ್ಟಿದ ಮೂರು ಕಟ್ಟುಗಳಲ್ಲಿ ಒಳಬದಿಯದನ್ನು, ಆ ಭಾಗಕ್ಕೆ ಮಾತ್ರ ಮರವು ಬರುವ ಮದ್ದು ಚುಚ್ಚಿ, ಪಶುವೈದ್ಯರು ಕತ್ತರಿಸುತ್ತಾರೆ. ಬಹುಪಾಲು ದನಗಳ ನಡಿಗೆ ಕೂಡಲೇ ಸರಿಯಾಗುತ್ತದೆ. ಗಾಯ ಮಾಯುವವರೆಗೆ ಕೆಸರಿಗೆ ಇಳಿಸದೆ ವಿಶ್ರಾಂತಿ ಕೊಡಬೇಕು. ಬಹುಕಾಲ ಹಾಗೆಯೇ ಬಿಟ್ಟರೆ ಮಾತ್ರ ಚಿಪ್ಪು ಉಜ್ಜಿ ಉಜ್ಜಿ ಮೆತ್ತೆಲುಬು ಒರಟಾಗುವ ಸಂಭವವಿದೆ. ಆಮೇಲೆ ಕಟ್ಟು ಕತ್ತರಿಸಿದರೂ ಪೂರ್ತಿ ಗುಣ ಕಾಣದು. ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಿಂಗಾಲ ಗೊರಸಿನ ತುದಿ ಸವೆದಿದೆಯೇ ನೋಡಿರಿ. ಕಟ್ಟಿ ನಿಲ್ಲಿಸಿದ್ದನ್ನು ಬಿಚ್ಚಿಸಿ, ನಡೆಸಿ, ಎರಡೂ ಕಡೆಗೆ ತಿರುಗಿಸಿ ನೋಡಿರಿ.

ಕುಂಟುವ ಎತ್ತಿಗೆ ಬರೆ ಹಾಕಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಕಾದ ಕಬ್ಬಿಣ ಸುಡುವುದು ತೊಗಲನ್ನು. ಒಳಗಿನ ಮೆತ್ತೆಲುಬಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಬರೆಯ ನೋವಿಗೆ ಎತ್ತು ಕೆಲವು ದಿನ ಕೆಲಸವಿಲ್ಲದೆ ನಿಲ್ಲುತ್ತದೆ. ಆ ವಿಶ್ರಾಂತಿಯಿಂದ ಸ್ವಲ್ಪ ಗುಣವಾದರೆ ಕೀರ್ತಿ ಬರೆಗೆ ಹೋಗುತ್ತದೆ. ವಿಶ್ರಾಂತಿಯನ್ನು ಸುಡದೆಯೇ ಕೊಡಬಹುದಲ್ಲವೆ? ಮತ್ತೊಂದು ಮಾತು: ದನದ ಕುಂಟಿಗೆ ಬಹುಮಟ್ಟಿಗೆ ಕಾರಣ ಗೊರಸಿನಲ್ಲೇ ಇರುತ್ತದೆ. ಮುಳ್ಳು, ಕಲ್ಲು, ಕೊಳೆತ, ಕಾಲುಬಾಯಿ ರೋಗದ ಹುಣ್ಣು, ಇವನ್ನು ಮೊದಲು ನೋಡಿ ಆಮೇಲೆ ಮೇಲಿನ ಕೀಲಿಗೆ ಬರಬೇಕು.

ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿರುವುದು ಗೊತ್ತಿರುವ ಸಂಗತಿ. ಇಂತಹ ನೀರನ್ನೇ ಕುಡಿದು ಬೆಳೆದ ದನಗಳ ಮುಂದಿನ ಹಲ್ಲುಗಳ ಮೇಲೆ ಕಂದು ಕಲೆ ಬೀಳುತ್ತದೆ. ವಯಸ್ಸಾದಂತೆ ಕಾಲುಗಳು ಬಿರುಸಾಗಿ ಕುಂಟುತ್ತವೆ. ಇಲ್ಲಿ ಕೆಡುವುದು ಮೆತ್ತೆಲುಬಿಗಿಂತ ಹೆಚ್ಚಾಗಿ ಅದರ ಸುತ್ತಿನ ಎಲುಬು ಮತ್ತು ಕಟ್ಟುಗಳು. ಕೀಲಿನ ಅಂಚಿನಲ್ಲಿ ಹೊಸ ಎಲುಬು ಬೆಳೆದು ಚಲನೆಯನ್ನು ತಡೆಯುತ್ತದೆ. ಕೆರೆಯ ನೀರೋ ಕೃಷಿಹೊಂಡದ ಮಳೆನೀರೋ ಇದ್ದ ಕಡೆ ಅದನ್ನು ಬೆಳೆಯುವ ಕರು, ಮಣಕಗಳಿಗೆ ಮೊದಲು ಮೀಸಲಿಡಬೇಕು.

ಕರುವಿನ ಕೀಲುಬಾವು

ಎಲ್ಲಕ್ಕಿಂತ ಬೇಗ ಮೊಣಕಾಲನ್ನು ಹಾಳುಮಾಡುವುದು ಕೀವು. ಈಗ ತಾನೇ ಹುಟ್ಟಿದ ಕರುವಿನ ಹೊಕ್ಕುಳ ಹಸಿ ಗಾಯ. ಸಗಣಿ, ಗಂಜಲದ ನೆಲಕ್ಕೆ ತಗಲಿ ಅದರ ಮೂಲಕ ಸೂಕ್ಷ್ಮಜೀವಿಗಳು ರಕ್ತಕ್ಕೆ ಸೇರಿ ಕೀಲುಗಳಲ್ಲಿ ನೆಲೆಸುತ್ತವೆ. ಕೆಲವು ದಿನಗಳಲ್ಲಿ ಮೊಣಕಾಲು ಊದಿ ಬಿಸಿಯಾಗುತ್ತದೆ. ಕರು ಏಳಲಾರದು, ಹಾಲು ಕುಡಿಯದು. ಎತ್ತಿನ ಜೀವಮಾನದ ದುಡಿತದಲ್ಲಿಯೂ ಸವೆಯದ ಮೆತ್ತೆಲುಬು ಕೀವಿನಲ್ಲಿ ಕೆಲವೇ ದಿನಗಳಲ್ಲಿ ಕರಗಿಹೋಗಬಹುದು. ಬದುಕಿದರೂ ಆ ಕರು ನೊಗಕ್ಕೆ ಬಾರದು.

ತಡೆಯುವ ಉಪಾಯ ಸುಲಭ. ಕರು ಹಾಕುವ ಜಾಗ ಒಣಗಿರಬೇಕು, ಹೊಸ ಹುಲ್ಲು ಹಾಸಿರಬೇಕು. ಹುಟ್ಟಿದ ಕೂಡಲೇ ಹೊಕ್ಕುಳ ಬಳ್ಳಿಯನ್ನು ಟಿಂಚರ್ ಅಯೋಡಿನ್ನಿನಲ್ಲಿ ಅದ್ದಬೇಕು. ಒಣಗುವವರೆಗೆ ಮತ್ತೆರಡು ದಿನ ಹೀಗೆಯೇ ಮಾಡಬೇಕು. ಬೂದಿ, ಮಣ್ಣು, ಸಗಣಿ ಯಾವುದನ್ನೂ ಹಚ್ಚಬಾರದು. ಕಸ ಬೀಳುವವರೆಗೆ ಗಿಣ್ಣದ ಹಾಲು ಕುಡಿಸಬಾರದೆಂಬ ನಂಬಿಕೆ ಕೆಲವು ಮನೆಗಳಲ್ಲಿದೆ, ಅದು ಸರಿಯಲ್ಲ. ಹುಟ್ಟಿದ ಒಂದೆರಡು ತಾಸಿನೊಳಗೆ ಮೊದಲ ಗಿಣ್ಣ ಕರುವಿನ ಹೊಟ್ಟೆ ಸೇರಬೇಕು. ಮೊದಲ ದಿನ ಮೈತೂಕದ ಹತ್ತನೆಯ ಒಂದು ಪಾಲು, ಅಂದರೆ 20 ಕಿಲೋ ಕರುವಿಗೆ ಸುಮಾರು 2 ಲೀಟರು, ಎರಡು ಮೂರು ಸಲವಾಗಿ ಕುಡಿಸಬೇಕು. ರೋಗ ತಡೆಯುವ ಶಕ್ತಿ ಅದಕ್ಕೆ ಬರುವುದು ಈ ಹಾಲಿನಿಂದಲೇ.

ಕೀಲು ಊದಿದ್ದು ಕಂಡರೆ ಬಿಸಿ ಎಣ್ಣೆ ತಿಕ್ಕಿ ನಾಳೆ ನೋಡೋಣವೆನ್ನದೆ ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಬೇಕು. ಕರುವನ್ನು ಒಯ್ಯಲಾಗದಿದ್ದರೆ 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕೇಳಬಹುದು. ಕರೆ ಮಾಡುವಾಗ ಊರು, ತಾಲೂಕು, ಕರುವಿನ ವಯಸ್ಸು, ಯಾವ ಕಾಲು ಊದಿದೆ, ಎಂದಿನಿಂದ ಊದಿದೆ, ಹೊಕ್ಕುಳ ಒದ್ದೆಯಾಗಿದೆಯೇ ಎಂಬುದನ್ನು ಹೇಳಿರಿ.